ಹೂದಾನಿ: ಬಳಕೆದಾರರ ಕೈಪಿಡಿ

ಈ ಕೈಪಿಡಿಯನ್ನು ಓದಿ ಮುಗಿಸುವ ತನಕ ಹೂದಾನಿಯನ್ನು ಮುಟ್ಟಬೇಡಿ. ಓದಿ ಮುಗಿಸಿದ ಮೇಲೆ ಮುಟ್ಟುವ ಧೈರ್ಯ ಉಳಿದಿರುವುದಿಲ್ಲ. ಕೈಪಿಡಿ ಬರೆದಿರುವುದೇ ಅದಕ್ಕೆ.

ಹದಿನೆಂಟನೆಯ ಶತಮಾನದ ಚೀನಾದಲ್ಲಿ, ಚಿಂಗ್ ವಂಶದ ದೊರೆಗಳ ಕಾಲದಲ್ಲಿ ತಯಾರಾದ, ಮೈತುಂಬ ಹೂಬಳ್ಳಿಯ ಎನಾಮಲ್ ಚಿತ್ತಾರವಿರುವ ಪಿಂಗಾಣಿ ಹೂದಾನಿಯೊಂದರ ಯಜಮಾನರಾಗಿದ್ದೀರಿ; ಅಭಿನಂದನೆಗಳು. ಇದು ನಿಮ್ಮ ಕೈಗೆ ಹೇಗೆ ಬಂತೆಂದು ನಾವು ಕೇಳುವುದಿಲ್ಲ. ತೀರಿಕೊಂಡ ಅಜ್ಜಿಯ ಅಟ್ಟದಿಂದ ಇಳಿದಿರಬಹುದು. ಹರಾಜಿನಲ್ಲಿ ಪಕ್ಕದವನ ಮೇಲಿನ ಹಟಕ್ಕೆ ಕೈ ಎತ್ತಿ ಗಂಟುಬಿದ್ದಿರಬಹುದು. ಇಲ್ಲವೇ ಸ್ಯಾಕ್ಸನಿಯ ದೊರೆ ಅಗಸ್ಟಸ್ 1717ರಲ್ಲಿ ಮಾಡಿದಂತೆ ಸೈನಿಕರನ್ನು ಕೊಟ್ಟು ತಂದುಕೊಂಡಿರಬಹುದು. ಆತ ಪ್ರಷ್ಯಾದ ದೊರೆಗೆ 600 ಮಂದಿ ಡ್ರಾಗೂನ್ ಸೈನಿಕರನ್ನು ಒಪ್ಪಿಸಿ, ಬದಲಿಗೆ 151 ಪಿಂಗಾಣಿ ಸಾಮಾನುಗಳನ್ನು ಹೊರಿಸಿಕೊಂಡು ಬಂದ. ಭಾಗಿಸಿ ನೋಡಿದರೆ ಒಂದೊಂದಕ್ಕೆ ಸುಮಾರು ನಾಲ್ಕು ಆಳು ಬೀಳುತ್ತದೆ. ಅವುಗಳಲ್ಲಿ ಹೆಸರಾದ ದೊಡ್ಡ ಭರಣಿಗಳು ಬರೀ ನೀಲಿ-ಬಿಳಿಯವು. ನಿಮ್ಮದು ಬಹುವರ್ಣದ್ದು, ಐದು ಆಳೆಂದು ಹಿಡಿಯಿರಿ.

ಭಾಗಗಳು

ಸದ್ಯಕ್ಕೆ ಒಂದೇ. ಆ ಸಂಖ್ಯೆ ಹೆಚ್ಚದಿರಲಿ ಎಂಬುದು ಮುಂದಿನ ಪುಟಗಳ ಹಾರೈಕೆ.

ಪದರಗಳು ಮಾತ್ರ ಮೂರು. ಒಳಗಿನ ಮೈ ಜಿಯಾಂಗ್‌ಶಿ ಪ್ರಾಂತದ ಜಿಂಗ್‌ದೆಝೆನ್ ಎಂಬ ಊರಿನದು. ಅಲ್ಲಿನ ಬಿಳಿ ಜೇಡಿಮಣ್ಣಿಗೆ ನುಣ್ಣಗೆ ಕುಟ್ಟಿದ ಕಲ್ಲಿನ ಪುಡಿ ಬೆರೆಸಿ, ತಿಗರಿಗೆ ಹಾಕಿ, ಒಣಗಿಸಿ, ಅದರ ಮೇಲೆ ಗಾಜಿನಂಥ ಮೆರುಗು ಹಚ್ಚಿ ಆವಿಗೆಯಲ್ಲಿ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಡುತ್ತಿದ್ದರು. ಎರಡು ಪದರ ಅಲ್ಲಿಗೆ ಮುಗಿಯಿತು. ಮೂರನೆಯದು ಬಣ್ಣ, ಎಂದರೆ ಎನಾಮಲ್. ಬಣ್ಣ ಬಳಿದು ಇನ್ನೊಮ್ಮೆ, ಈ ಸಲ ಏಳೆಂಟುನೂರು ಡಿಗ್ರಿಯಷ್ಟೇ ಶಾಖದಲ್ಲಿ, ಚಿಕ್ಕ ಗೂಡಿನಲ್ಲಿ ಸುಡಬೇಕು. ಹೆಚ್ಚಾದರೆ ಕೇಸರ ದಳದೊಳಕ್ಕೆ ಇಳಿದುಹೋಗುತ್ತದೆ. ಕಡಿಮೆಯಾದರೆ ಬಣ್ಣ ಕೈಗೆ ಬರುತ್ತದೆ.

ಇದನ್ನೆಲ್ಲ ಒಬ್ಬ ಮಾಡಿದ್ದಲ್ಲ. ಜಿಂಗ್‌ದೆಝೆನ್‌ನಲ್ಲಿ ಧರ್ಮಪ್ರಚಾರಕ್ಕಿದ್ದ ಫ್ರೆಂಚ್ ಜೆಸ್ಯೂಟ್ ಪಾದ್ರಿ ದಾಂತ್ರಕೋಲ್, ಪ್ರಾರ್ಥನೆಯ ಬಿಡುವಿನಲ್ಲಿ ಕುಂಬಾರರ ಗುಟ್ಟುಗಳನ್ನೆಲ್ಲ ಕೇಳಿ ಬರೆದುಕೊಂಡು 1712ರಲ್ಲೂ 1722ರಲ್ಲೂ ಉದ್ದುದ್ದ ಪತ್ರಗಳಲ್ಲಿ ಊರಿಗೆ ಕಳಿಸಿದ. ಒಂದು ಸಾಮಾನು ಸುಟ್ಟು ಹೊರಬರುವಷ್ಟರಲ್ಲಿ ಎಪ್ಪತ್ತು ಜನರ ಕೈ ದಾಟಿರುತ್ತದೆ ಎಂದು ಅವನ ಲೆಕ್ಕ. ಚಿತ್ರ ಬರೆಯುವಲ್ಲಂತೂ ಕಂಠದ ಗೆರೆ ಎಳೆಯುವವನು ಒಬ್ಬ, ಹೂವಿನ ಹೊರಗೆರೆ ಬರೆಯುವವನು ಇನ್ನೊಬ್ಬ, ಅದಕ್ಕೆ ಬಣ್ಣ ತುಂಬುವವನು ಮತ್ತೊಬ್ಬ. ಹಕ್ಕಿಯವನು ಹೂವಿಗೆ ಕೈ ಹಾಕುವಂತಿಲ್ಲ. ಮುಂದೆ ಯಾರಾದರೂ ನಿಮ್ಮ ಹೂದಾನಿಯ ಪಿಯೋನಿ ಹೂವನ್ನು ನೋಡಿ "ಕಲಾವಿದನ ಏಕಾಂತ ಧ್ಯಾನ" ಎಂದೇನಾದರೂ ಅಂದರೆ ಚಹಾ ಕೊಟ್ಟು ಕಳಿಸಿಬಿಡಿ. ಅದು ಪಾಳಿಯ ಕೆಲಸ.

ಬಣ್ಣದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕಾಗುತ್ತದೆ, ಏಕೆಂದರೆ ದುಡ್ಡು ಕೊಟ್ಟಿರುವುದು ಅದಕ್ಕೆ. ಹಸಿರು ತಾಮ್ರದಿಂದ, ಇಟ್ಟಿಗೆ ಕೆಂಪು ಕಬ್ಬಿಣದಿಂದ, ನೀಲಿ ಕೋಬಾಲ್ಟಿನಿಂದ. ಇವೆಲ್ಲ ಹಳಬರು. ಹೊಸಬ ಗುಲಾಬಿ. ಅದು ಚಿನ್ನದ ಬಣ್ಣ: ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ಗಾಜಿನಲ್ಲಿ ಹರಡಿಕೊಂಡರೆ ಹಳದಿಯಾಗಿ ಕಾಣುವುದಿಲ್ಲ, ಗುಲಾಬಿಯಾಗಿ ಕಾಣುತ್ತವೆ. ಹದಿನೇಳನೆಯ ಶತಮಾನದ ಯುರೋಪಿನ ರಸವಾದಿಗಳು ಬಲ್ಲ ಈ ಉಪಾಯ ಪಾದ್ರಿಗಳ ಮೂಲಕ ಬೀಜಿಂಗ್ ಅರಮನೆ ಸೇರಿತೆಂದು ಹೇಳುತ್ತಾರೆ. ಆ ಗುಲಾಬಿಗೆ ಬೆರೆಸುವ ಬಿಳಿ ಇದೆಯಲ್ಲ, ದಳದ ಅಂಚಿನಿಂದ ನಡುವಿಗೆ ಬಣ್ಣ ತಿಳಿಯಾಗುತ್ತ ಹೋಗುವಂತೆ ಮಾಡುವುದು, ಅದರಲ್ಲಿರುವುದು ಸೀಸ ಮತ್ತು ಪಾಷಾಣ. ಹೂವನ್ನು ನೆಕ್ಕಬೇಡಿ.

ಕಾಂಗ್‌ಶಿ ಎಂಬ ಚಿಂಗ್ ಚಕ್ರವರ್ತಿಗೆ ಎನಾಮಲ್ಲಿನ ಹುಚ್ಚು ಹಿಡಿದಾಗ ಆಸ್ಥಾನದಲ್ಲಿದ್ದ ಇಬ್ಬರು ಇಟಲಿಯವರಿಗೆ, ಪಾದ್ರಿ ಮತ್ತೆಯೊ ರಿಪಾ ಮತ್ತು ಚಿತ್ರಕಾರ ಜುಸೆಪ್ಪೆ ಕಾಸ್ತಿಲ್ಯೋನೆಗೆ, ಎನಾಮಲ್ ಚಿತ್ರ ಬರೆಯುವಂತೆ ಅಪ್ಪಣೆಯಾಯಿತು. ಇಬ್ಬರಿಗೂ ಆ ಕಸುಬು ಗೊತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೆಳಗಿನಿಂದ ಸಂಜೆಯವರೆಗೆ ಅರಮನೆಯ ಕಾರ್ಖಾನೆಯಲ್ಲಿ ಜೀತಕ್ಕೆ ಬೀಳುವುದು ಅವರಿಗೆ ಬೇಕಿರಲಿಲ್ಲ. ಕಲಿಯಲೇಬಾರದೆಂದು ನಿಶ್ಚಯಿಸಿ, ಎಷ್ಟು ಕೆಟ್ಟದಾಗಿ ಬರೆಯಬಹುದೋ ಅಷ್ಟು ಕೆಟ್ಟದಾಗಿ ಬರೆದರು. ಚಕ್ರವರ್ತಿ ನೋಡಿ, ಇಷ್ಟು ಸಾಕು ಎಂದು ಬಿಟ್ಟುಬಿಟ್ಟ. ರಿಪಾ ಇದನ್ನು ತಾನೇ ಬರೆದಿಟ್ಟಿದ್ದಾನೆ, ನಾಚಿಕೆಯಿಲ್ಲದೆ. ಸರ್ಕಾರಿ ಕೆಲಸದಿಂದ ಪಾರಾಗುವ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆದರೆ ಇಷ್ಟು ಬೇಗ ಫಲ ಕೊಡುವುದಿಲ್ಲ. ಕಾಸ್ತಿಲ್ಯೋನೆ ಆಮೇಲೆ ಅದೇ ಆಸ್ಥಾನದಲ್ಲಿ ಕುದುರೆಗಳನ್ನೂ ಹೂಗಳನ್ನೂ ಬರೆದು ದೊಡ್ಡ ಹೆಸರು ಮಾಡಿದ ಎಂಬುದರಿಂದ ಅವನ ಕೈ ಕೆಟ್ಟದ್ದಲ್ಲವೆಂದು ಸಾಬೀತಾಗುತ್ತದೆ. 1728ರ ಹೊತ್ತಿಗೆ ಅರಮನೆಯವರು ಎನಾಮಲ್ ಬಣ್ಣಗಳನ್ನು ತಾವೇ ತಯಾರಿಸಿಕೊಳ್ಳತೊಡಗಿದ್ದರು. ಇಟಲಿಯವರ ಹಂಗು ಬೇಕಾಗಲಿಲ್ಲ.

ಎತ್ತುವುದು

ಎರಡೂ ಕೈ. ಒಂದು ಅಡಿಗೆ, ಒಂದು ಹೊಟ್ಟೆಗೆ. ಹಿಡಿಕೆಗಳು ಇರುವುದು ಹಿಡಿಯುವುದಕ್ಕಲ್ಲ, ಕಂಠವೂ ಅಲ್ಲ. ಉಂಗುರ, ಬಳೆ, ಕೈಗಡಿಯಾರ ಬಿಚ್ಚಿಡಿ. ಚಿನ್ನದ ನೀರಿನ ಅಂಚು ಬೆರಳುಜ್ಜಿದರೂ ಸವೆಯುತ್ತದೆ.

ಇನ್ನೊಬ್ಬರ ಕೈಗೆ ನೇರವಾಗಿ ಕೊಡಬೇಡಿ. ನಮ್ಮಲ್ಲಿ ಮೆಣಸಿನಕಾಯಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಕೆಳಗಿಟ್ಟು ಕೊಡುವಂತೆ, ಚೀನಾದ ಹಳೇ ಸಾಮಾನಿನ ವ್ಯಾಪಾರಿಗಳು ಪಿಂಗಾಣಿಯನ್ನು ಮೇಜಿನ ಮೇಲಿಟ್ಟು, ಕೈ ಪೂರ್ತಿ ಬಿಟ್ಟ ಮೇಲೆಯೇ ಇನ್ನೊಬ್ಬರು ಎತ್ತಿಕೊಳ್ಳಬೇಕೆಂದು ಕಟ್ಟು ಮಾಡಿದ್ದಾರೆ. ಇಲ್ಲೂ ಕಾರಣ ಜಗಳವೇ. ಬಿದ್ದರೆ "ನೀನು ಬಿಟ್ಟೆ", "ನೀನು ಹಿಡಿಯಲಿಲ್ಲ" ಎಂಬ ವ್ಯಾಜ್ಯಕ್ಕೆ ಯಾವ ನ್ಯಾಯಾಲಯದಲ್ಲೂ ತೀರ್ಪಿಲ್ಲ.

ಅಡಿ ನೋಡುವುದು

ಬಂದ ಅತಿಥಿಗಳಲ್ಲಿ ತಿಳಿದವರು ಹೂವನ್ನು ನೋಡುವುದಿಲ್ಲ, ಅಡಿ ನೋಡಬೇಕೆನ್ನುತ್ತಾರೆ. ಅವಘಡಗಳಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ನೆಲದ ಮೇಲೆ ದಪ್ಪ ಜಮಖಾನ ಹಾಸಿ, ಎಲ್ಲರನ್ನೂ ಕೂರಿಸಿ, ಆಮೇಲೆ ತಿರುಗಿಸಿ ತೋರಿಸಿ. ಬೀಳುವಷ್ಟು ಎತ್ತರವೇ ಇಲ್ಲದಿದ್ದರೆ ಅರ್ಧ ಭಯ ಹೋಯಿತು.

ಅಡಿಯಲ್ಲಿ ಆರು ಅಕ್ಷರಗಳಿರಬಹುದು: ಮಹಾ ಚಿಂಗ್ ವಂಶದ ಚಿಯಾನ್‌ಲೊಂಗ್ ಆಳ್ವಿಕೆಯಲ್ಲಿ ತಯಾರಾದದ್ದು. ಹಿಗ್ಗಬೇಡಿ. ಕಾಂಗ್‌ಶಿಯ ಕಾಲದ ಕುಂಬಾರರು ತಮ್ಮ ಸಾಮಾನಿನ ಅಡಿಯಲ್ಲಿ ಅದಕ್ಕೂ ಇನ್ನೂರು ವರ್ಷ ಹಿಂದಿನ ಮಿಂಗ್ ದೊರೆ ಚೆಂಗ್‌ಹುವಾನ ಹೆಸರು ಬರೆದರು. ಹತ್ತೊಂಬತ್ತನೆಯ ಶತಮಾನದವರು ಕಾಂಗ್‌ಶಿಯ ಹೆಸರು ಬರೆದರು. ಇಪ್ಪತ್ತನೆಯ ಶತಮಾನದವರು ಚಿಯಾನ್‌ಲೊಂಗನ ಹೆಸರು ಬರೆದರು, ಈಗಲೂ ಬರೆಯುತ್ತಿದ್ದಾರೆ. ಇದರಲ್ಲಿ ಸ್ವಲ್ಪ ಭಾಗ ಪೂರ್ವಿಕರ ಮೇಲಿನ ಗೌರವ, ಉಳಿದದ್ದು ಗಿರಾಕಿಯ ಮೇಲಿನ ಅಗೌರವ. ಹೀಗಾಗಿ ಅಡಿಬರಹವನ್ನು ತಯಾರಾದ ತಾರೀಕೆಂದು ಓದಬೇಡಿ. ಮಾಡಿದವನು ಯಾವ ಕಾಲದಲ್ಲಿ ಹುಟ್ಟಬೇಕೆಂದು ಆಸೆಪಟ್ಟಿದ್ದ ಎಂಬುದರ ದಾಖಲೆ ಅದು.

ಏನೂ ಬರೆದಿಲ್ಲವೇ? ನಿರಾಶರಾಗಬೇಡಿ, ಅದಕ್ಕೂ ಕಾರಣವಿದೆ. 1677ರಲ್ಲಿ ಜಿಂಗ್‌ದೆಝೆನ್‌ನ ಅಧಿಕಾರಿಯೊಬ್ಬ ಪಿಂಗಾಣಿಯ ಮೇಲೆ ಆಳುವ ದೊರೆಯ ಹೆಸರು ಬರೆಯಕೂಡದೆಂದು ಆಜ್ಞೆ ಹೊರಡಿಸಿದ. ಸಾಮಾನು ಒಡೆಯುತ್ತದೆ, ಚೂರು ಕಸಕ್ಕೆ ಬೀಳುತ್ತದೆ, ಜನ ತುಳಿಯುತ್ತಾರೆ. ಚಕ್ರವರ್ತಿಯ ಹೆಸರಿನ ಗತಿ? ಕುಂಬಾರರು ಹೆಸರಿನ ಜಾಗದಲ್ಲಿ ಒಂದು ಎಲೆ ಬರೆದರು, ಕೆಲವರು ಎರಡು ನೀಲಿ ವೃತ್ತ ಎಳೆದು ನಡುವೆ ಖಾಲಿ ಬಿಟ್ಟರು. ಒಳ್ಳೆಯ ಹೂದಾನಿಯೊಂದರ ಅಡಿಯಲ್ಲಿ ಖಾಲಿ ವೃತ್ತವಿದ್ದರೆ ನನಗಂತೂ ಆರು ಅಕ್ಷರಕ್ಕಿಂತ ಹೆಚ್ಚು ನಂಬಿಕೆ ಬರುತ್ತದೆ. ಸುಳ್ಳು ಹೇಳುವವನು ಸಾಮಾನ್ಯವಾಗಿ ಖಾಲಿ ಬಿಡುವುದಿಲ್ಲ. ಆದರೆ ಇದನ್ನು ಓದಿದ ನಕಲಿಗಾರ ನಾಳೆಯಿಂದ ಖಾಲಿ ವೃತ್ತ ಎಳೆಯಬಹುದು, ಆದ್ದರಿಂದ ಈ ಪ್ಯಾರಾವನ್ನು ಗುಟ್ಟಾಗಿಡಿ.

ಇಡುವ ಜಾಗ

ಮೆಟ್ಟಿಲ ಪಕ್ಕದ ಕಿಟಕಿಕಟ್ಟೆಯ ಮೇಲೆ ಇಡಬೇಡಿ. ಕೇಂಬ್ರಿಜ್‌ನ ಫಿಟ್ಜ್‌ವಿಲಿಯಮ್ ಮ್ಯೂಸಿಯಂನವರು ಇಟ್ಟಿದ್ದರು. ಕಾಂಗ್‌ಶಿ ಕಾಲದ ಮೂರು ದೊಡ್ಡ ಹೂದಾನಿಗಳು ದಶಕಗಳ ಕಾಲ ಅಲ್ಲಿ ಯಾರಿಗೂ ತೊಂದರೆ ಕೊಡದೆ ನಿಂತಿದ್ದವು. 2006ರ ಜನವರಿಯಲ್ಲಿ ಒಬ್ಬ ಸಂದರ್ಶಕ ಬಿಚ್ಚಿಕೊಂಡ ಶೂ ಲೇಸನ್ನು ತಾನೇ ತುಳಿದು, ಮೆಟ್ಟಿಲಿನಿಂದ ಜಾರಿ, ಮೂರನ್ನೂ ಒಂದೇ ಸಲಕ್ಕೆ ಕೆಡವಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಮ್ಮ ಹಿರಿಯರು ಹೇಳಿದ್ದರು. ದೊಣ್ಣೆಯ ಅಗತ್ಯವೂ ಇಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. ಸಾವಿರಾರು ಮೈಲಿ ಕಡಲು ದಾಟಿ, ಮೂರು ಶತಮಾನ ಕಂಡು ಉಳಿದದ್ದನ್ನು ಒಂದು ಗಂಟು ಸಡಿಲವಾಗಿ ಮುಗಿಸಿತು. ಅತಿಥಿಗಳು ಚಪ್ಪಲಿ ಹೊರಗೆ ಬಿಟ್ಟು ಬರುವ ನಮ್ಮ ಪದ್ಧತಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಅಡಿಯಲ್ಲಿ ತೂತು ಕೊರೆದು, ತಂತಿ ಎಳೆದು, ಮೇಲೆ ಬಲ್ಬು ಕೂರಿಸಿ ಮೇಜುದೀಪ ಮಾಡುವ ಆಲೋಚನೆ ಬಂದರೆ ಒಂದು ಲೋಟ ನೀರು ಕುಡಿದು ಮಲಗಿ. ಯುರೋಪ್-ಅಮೆರಿಕಗಳ ಬೈಠಕ್‌ಖಾನೆಗಳಲ್ಲಿ ಎಷ್ಟೋ ಹೂದಾನಿಗಳು ಹೀಗೆ ದೀಪಗಳಾಗಿ ಹಾಳಾಗಿವೆ, ಅಥವಾ ಬೆಳಕು ಕೊಟ್ಟಿವೆ. ನೋಡುವವರ ಮೇಲೆ ಹೋಗುತ್ತದೆ.

ತೊಳೆಯುವುದು

ಹುಣಸೆಹಣ್ಣು, ನಿಂಬೆಹಣ್ಣು, ಬೂದಿ, ತೆಂಗಿನ ನಾರು: ನಾಲ್ಕೂ ನಿಷಿದ್ಧ. ಕೆಳಗಿನ ಮೆರುಗು ಗಟ್ಟಿ, ಚಾಕುವಿಗೂ ಜಗ್ಗುವುದಿಲ್ಲ. ಮೇಲಿನ ಎನಾಮಲ್ ಸೀಸ ಬೆರೆತ ಮೆದು ಗಾಜು. ಹುಳಿ ತಾಗಿದರೆ ಮಂಕಾಗುತ್ತದೆ, ನಾರು ತಾಗಿದರೆ ಗೀರು ಬೀಳುತ್ತದೆ. ಹಿತ್ತಾಳೆ ಪಾತ್ರೆಗೆ ಹಬ್ಬದ ಮುನ್ನಾದಿನ ಮಾಡುವ ಉಪಚಾರವನ್ನು ಇದಕ್ಕೂ ಮಾಡಿದರೆ ಪಿಯೋನಿ ಒಂದೇ ದೀಪಾವಳಿಗೆ ಮುಪ್ಪಾಗುತ್ತದೆ. ಮೆದು ಕುಂಚದಿಂದ ಧೂಳು ಹೊಡೆಯಿರಿ, ಅಷ್ಟು ಸಾಕು. ಮನೆಗೆಲಸದವರಿಗೆ ಈ ಕೆಲಸ ಹೇಳಬೇಡಿ. ಅವರ ವರ್ಷಗಟ್ಟಲೆಯ ಸಂಬಳ ಸೇರಿಸಿದರೂ ಸಮವಾಗದ ವಸ್ತುವನ್ನು ಅವರ ಕೈಗೆ ಕೊಟ್ಟು ಬಾಗಿಲಲ್ಲಿ ನಿಂತು ನೋಡುವುದು ಸಭ್ಯತೆಯಲ್ಲ.

ಹಳೆಯ ಎನಾಮಲ್ಲಿನ ಸುತ್ತ, ಬೆಳಕಿಗೆ ಓರೆಯಾಗಿ ಹಿಡಿದರೆ, ಕಪ್ಪೆಚಿಪ್ಪಿನ ಒಳಮೈಯಲ್ಲಿ ಕಾಣುವ ಬಗೆಯ ಮಿನುಗು ಕಾಣಬಹುದು. ಅದು ಕೊಳೆಯಲ್ಲ, ಉಜ್ಜಬೇಡಿ. ತಿಳಿದವರು ಹುಡುಕುವ ಗುರುತುಗಳಲ್ಲಿ ಅದೂ ಒಂದು.

ಹೂ ಇಡುವುದು

ಇಡಬೇಡಿ.

ಇದು ಹೂದಾನಿಯ ಕೈಪಿಡಿಯಲ್ಲಿ ವಿಚಿತ್ರವಾಗಿ ಕಾಣಬಹುದು. ಆದರೆ ಒಮ್ಮೆ ಹೂದಾನಿಯನ್ನೇ ನೋಡಿ. ವಸಂತದ ಪಿಯೋನಿ, ಬೇಸಿಗೆಯ ಕಮಲ, ಶರತ್ತಿನ ಸೇವಂತಿಗೆ, ಚಳಿಗಾಲದ ಪ್ಲಮ್ ಹೂವು, ಯಾವ ತೋಟದಲ್ಲೂ ಒಟ್ಟಿಗೆ ಅರಳದ ನಾಲ್ಕು ಋತುಗಳು ಒಂದೇ ಮೈಮೇಲೆ ಅರಳಿವೆ. ಚಿಯಾನ್‌ಲೊಂಗ್ ಕಾಲದ ಕೆಲವು ಹೂದಾನಿಗಳಲ್ಲಂತೂ ಹೂವಿನ ಮೇಲೆ ಹೂ ಒತ್ತಿಕೊಂಡು, ಹಿನ್ನೆಲೆಯೆಂಬುದೇ ಉಳಿಯದಂತೆ, ಬೆರಳಿಡಲು ಬಿಳಿ ಜಾಗವಿಲ್ಲದಂತೆ ತುಂಬಿದ್ದಾರೆ. ಇದರ ಮೇಲೆ ನೀವು ಮಾರುಕಟ್ಟೆಯಿಂದ ತಂದ ನಾಲ್ಕು ಗುಲಾಬಿ ಸಿಕ್ಕಿಸಿದರೆ ಯಾವುದು ಬಾಡಿದ್ದೆಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಹೂದಾನಿಗೆ ಹೂವಿನ ಅಗತ್ಯವೇ ಇಲ್ಲದಂತೆ ಮಾಡಿಟ್ಟದ್ದು ಆ ಎಪ್ಪತ್ತು ಜನರ ದೊಡ್ಡ ಸಾಧನೆ. ಒಂದು ಪಾತ್ರೆಯ ಕೆಲಸವನ್ನು ಅದರ ಅಲಂಕಾರವೇ ಕಿತ್ತುಕೊಂಡಿತು.

ಚೀನೀಯರು ಮೊದಲಿನಿಂದ ಹೀಗಿದ್ದವರಲ್ಲ. 1595ರಲ್ಲಿ ಝಾಂಗ್ ಚಿಯಾನ್‌ದೆ ಎಂಬಾತ ಹೂದಾನಿಯಲ್ಲಿ ಹೂ ಇಡುವ ಬಗ್ಗೆಯೇ ಒಂದು ಪುಸ್ತಕ ಬರೆದ. ಬೇಸಿಗೆ ಮತ್ತು ಶರತ್ತಿಗೆ ಪಿಂಗಾಣಿ, ಚಳಿಗಾಲ ಮತ್ತು ವಸಂತಕ್ಕೆ ಕಂಚು ಎಂದು ಅವನ ವಿಧಿ. ನಾಲ್ಕು ವರ್ಷದ ಮೇಲೆ ಯುವಾನ್ ಹೊಂಗ್‌ದಾವ್ ಇನ್ನೊಂದು ಬರೆದ. ಅವು ನಿಜವಾದ ಕೈಪಿಡಿಗಳು. ಓದಿದವರು ಹೂ ಇಡಲು ಕಲಿಯುತ್ತಿದ್ದರು, ಹೆದರಲು ಅಲ್ಲ. ಚಿಯಾನ್‌ಲೊಂಗ್ ಕೂಡ ತನ್ನ ಪಲ್ಲಕ್ಕಿಯೊಳಗೆ ಅರ್ಧ ಸೀಳಿದ ಆಕಾರದ ಪುಟ್ಟ ಗೋಡೆ-ಹೂದಾನಿಗಳನ್ನು ತೂಗುಹಾಕಿಸಿ, ದಾರಿಯಲ್ಲಿ ಕಿತ್ತ ಕಾಡುಹೂಗಳನ್ನಿಟ್ಟು ಹೋಗುತ್ತಿದ್ದ. ಆ ಹೂದಾನಿಗಳ ಮೇಲೆ ತಾನು ಬರೆದ ಪದ್ಯವನ್ನೂ ಬರೆಸಿದ. ಜೀವಮಾನದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಪದ್ಯ ಅವನ ಹೆಸರಿನಲ್ಲಿವೆ, ಎಲ್ಲೋ ಒಂದು ಕಡೆ ಖರ್ಚಾಗಬೇಕಲ್ಲ. ಅಂತೂ ಹೂ ಇಡಬಾರದೆಂಬ ನಿಯಮಕ್ಕೆ ಚಕ್ರವರ್ತಿಗೆ ಮಾತ್ರ ವಿನಾಯಿತಿ: ಅವನಿಗೆ ಬೆಲೆ ಗೊತ್ತಿರಲಿಲ್ಲ.

ಬೆಲೆ

ನೀವೂ ತಿಳಿದುಕೊಳ್ಳಬೇಡಿ. ಇದು ಈ ಕೈಪಿಡಿಯ ಅತಿ ಮುಖ್ಯವಾದ ಸುರಕ್ಷತಾ ಸೂಚನೆ. ಇಂಥ ಹೂದಾನಿಗಳನ್ನು ಇಲ್ಲಿಯವರೆಗೆ ಕಾಪಾಡಿಕೊಂಡು ಬಂದದ್ದು ಜಾಣರೂ ಅಲ್ಲ, ಗಾಜಿನ ಕಪಾಟೂ ಅಲ್ಲ, ಅಜ್ಞಾನ.

2018ರಲ್ಲಿ ಪ್ಯಾರಿಸ್ಸಿನ ಸದಬೀಸ್ ಹರಾಜುಮನೆಗೆ ಒಬ್ಬಾಕೆ ಶೂ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು, ರೈಲು ಹತ್ತಿ, ಬಂದರು. ಒಳಗಿದ್ದದ್ದು ಜಿಂಕೆ-ಕೊಕ್ಕರೆಗಳ ಚಿತ್ತಾರದ ಚಿಯಾನ್‌ಲೊಂಗ್ ಕಾಲದ ಹೂದಾನಿ. ಅಟ್ಟದಲ್ಲಿ ಬಿದ್ದಿತ್ತು, ಮನೆಯವರಿಗೆ ಅದರ ಮೇಲೆ ಪ್ರೀತಿಯೇನೂ ಇರಲಿಲ್ಲ. 1.62 ಕೋಟಿ ಯೂರೊಗೆ ಹೋಯಿತು. ಇಂಗ್ಲೆಂಡಿನಲ್ಲಿ ಒಂದು ನೀಲಿ ಹೂದಾನಿ, ಚಿನ್ನ-ಬೆಳ್ಳಿಯಲ್ಲಿ ಕೊಕ್ಕರೆ ಮತ್ತು ಬಾವಲಿ ಬರೆದದ್ದು, ವರ್ಷಗಟ್ಟಲೆ ಅಡುಗೆಮನೆಯಲ್ಲಿತ್ತು. ಒಗ್ಗರಣೆಯ ಹೊಗೆ ಇಲ್ಲದ ಅಡುಗೆಮನೆ, ನಿಜ, ಆದರೂ ಅಡುಗೆಮನೆ. 2022ರಲ್ಲಿ ಅದರ ಕೂಗು 12 ಲಕ್ಷ ಪೌಂಡ್ ಮುಟ್ಟಿತು. ಅಟ್ಟದಲ್ಲಿ, ಶೂ ಪೆಟ್ಟಿಗೆಯಲ್ಲಿ, ಒಲೆಯ ಪಕ್ಕದಲ್ಲಿ ಇವಕ್ಕೆ ಏನೂ ಆಗಲಿಲ್ಲ. ಮ್ಯೂಸಿಯಂನಲ್ಲಿದ್ದವು ಏನಾದವೆಂದು ಮೇಲೆ ಓದಿದ್ದೀರಿ.

ಬೆಲೆ ತಿಳಿದ ಮೇಲೆ ಆಗುವುದು ಬೇರೆ ಕಥೆ. 2010ರಲ್ಲಿ ಲಂಡನ್ನಿನ ಹೊರವಲಯದ ಮನೆಯೊಂದನ್ನು ತೆರವು ಮಾಡುವಾಗ ಸಿಕ್ಕ ಚಿಯಾನ್‌ಲೊಂಗ್ ಹೂದಾನಿಗೆ ಒಂದು ಸಣ್ಣ ಹರಾಜುಕಟ್ಟೆಯಲ್ಲಿ 4.3 ಕೋಟಿ ಪೌಂಡಿನ ಕೂಗು ಬಿತ್ತು. ಹರಾಜುಗಾರ ಸುತ್ತಿಗೆ ಬಡಿದ, ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು. ಕೂಗಿದವನು ಹಣ ಕಟ್ಟಲಿಲ್ಲ. ಎರಡು ವರ್ಷ ಕಾದು, ಕೊನೆಗೆ ಬೇರೆಯವರಿಗೆ ಬಹಳ ಕಡಿಮೆಗೆ ಕೊಡಬೇಕಾಯಿತು. 2022ರಲ್ಲಿ ಫ್ರಾನ್ಸಿನ ಫೊಂತೆನ್‌ಬ್ಲೊದಲ್ಲಿ ಇನ್ನೂ ಸೊಗಸಾದದ್ದು ನಡೆಯಿತು. ಇದು ನೀಲಿ-ಬಿಳಿ ಬಣ್ಣದ ಡ್ರ್ಯಾಗನ್ ಹೂದಾನಿ. ಹರಾಜಿನವರ ತಜ್ಞರೊಬ್ಬರು ಇಪ್ಪತ್ತನೆಯ ಶತಮಾನದ ಸಾಧಾರಣ ಸಾಮಾನೆಂದು 2000 ಯೂರೊ ಅಂದಾಜು ಹಾಕಿದರು. ನೋಡಲು ಜನ ಮುಗಿಬಿದ್ದರು, ಕೂಗು 77 ಲಕ್ಷ ಯೂರೊಗೆ ನಿಂತಿತು. ತಜ್ಞರು ತಮ್ಮ ಮಾತಿಗೆ ಅಂಟಿಕೊಂಡರು, ಕೆಲಸ ಕಳೆದುಕೊಂಡರು. ಅವರು ಹೇಳಿದ್ದೇ ಸರಿಯೋ, ಅಷ್ಟು ಜನ ಕೂಗಿದ್ದು ಸರಿಯೋ ಎಂಬುದನ್ನು ಹೂದಾನಿ ಮಾತ್ರ ಬಲ್ಲದು, ಅದು ಬಾಯಿ ತೆರೆದುಕೊಂಡಿದ್ದರೂ ಮಾತಾಡುವುದಿಲ್ಲ.

ಬೆಲೆ ತಿಳಿದೂ ಬಳಸಿದವರು ಒಬ್ಬರಿದ್ದಾರೆ, ಅವರಿಗೆ ನಮಸ್ಕಾರ. ಶಾಂಘೈನ ಶ್ರೀಮಂತ ಲಿಯು ಯಿಚಿಯಾನ್ 2014ರಲ್ಲಿ ಚೆಂಗ್‌ಹುವಾ ಕಾಲದ, ಕೋಳಿಗಳ ಎನಾಮಲ್ ಚಿತ್ರವಿರುವ ಪುಟ್ಟ ಬಟ್ಟಲೊಂದನ್ನು 28 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚು ಕೊಟ್ಟು ಕೊಂಡರು. ಕ್ರೆಡಿಟ್ ಕಾರ್ಡನ್ನು 24 ಸಲ ಉಜ್ಜಿದರು. ಆಮೇಲೆ ಅದರಲ್ಲಿ ಚಹಾ ಹಾಕಿಸಿಕೊಂಡು ಕುಡಿದರು. ಚೀನಾದಲ್ಲಿ ದೊಡ್ಡ ಗದ್ದಲವಾಯಿತು. ಬಟ್ಟಲಿನಲ್ಲಿ ಚಹಾ ಕುಡಿದದ್ದು ಸುದ್ದಿಯಾಗುತ್ತದೆಂದರೆ ಜಗತ್ತು ಎಲ್ಲಿಗೆ ಬಂದು ನಿಂತಿದೆ ನೋಡಿ.

ಕೊಳ್ಳುವ ಗೋಜೇ ಬೇಡ ಎನ್ನುವವರು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೋ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೋ ಹೋಗಿ ಚೀನೀ ಪಿಂಗಾಣಿ ನೋಡಿ ಬರಬಹುದು. ಶೂ ಲೇಸು ಬಿಗಿಯಾಗಿರಲಿ.

ಒಡೆದರೆ

ಅಳು ಮುಗಿದ ಮೇಲೆ ಚೂರುಗಳನ್ನು ಆರಿಸಿ. ಪುಡಿಯನ್ನೂ ಬಿಡಬೇಡಿ, ತೊಳೆಯಬೇಡಿ, ಅಂಗಡಿಯ ಅಂಟು ತಂದು ರಾತ್ರೋರಾತ್ರಿ ಜೋಡಿಸಿ ಯಜಮಾನತಿಗೆ ಗೊತ್ತಾಗದಂತೆ ಗೋಡೆಗೆ ತಿರುಗಿಸಿಡುವ ಸಾಹಸ ಬೇಡ. ಫಿಟ್ಜ್‌ವಿಲಿಯಮ್‌ನವು ನೂರಾರು ಚೂರಾಗಿದ್ದರೂ ನುರಿತವರ ಕೈಯಲ್ಲಿ ಮತ್ತೆ ಎದ್ದು ನಿಂತವು. ಚೀನಾದ ಬೀದಿಗಳಲ್ಲಿ ಹಿಂದೆ ವಜ್ರದ ಮೊನೆಯ ಬೈರಿಗೆ ಹಿಡಿದು ತಿರುಗುವ ಕಸುಬುದಾರರಿದ್ದರು. ಚೂರಿನ ಎರಡೂ ಅಂಚಿಗೆ ಅರ್ಧ ಆಳದ ತೂತು ಕೊರೆದು ಲೋಹದ ಕೊಂಡಿ ಬಡಿದು ಬಿಗಿಯುತ್ತಿದ್ದರು. ಕೊಂಡಿಗಳು ಕಾಣುತ್ತಿದ್ದವು. ಯಾರೂ ಮುಚ್ಚಿಡುತ್ತಿರಲಿಲ್ಲ.

ತೀರ ಪುಡಿಯಾಗಿದ್ದರೆ ಹಿತ್ತಿಲಲ್ಲಿ ಹೂಳಿ. ಪಿಂಗಾಣಿ ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ವಿಜಯನಗರದ ಶ್ರೀಮಂತರ ಮನೆಗಳಲ್ಲಿ ಒಡೆದ ಚೀನೀ ಪಿಂಗಾಣಿಯ ಚೂರುಗಳು ಹಂಪಿಯ ಉತ್ಖನನದಲ್ಲಿ ಸಿಕ್ಕಿ ಈಗ ವಿದ್ವಾಂಸರ ಅನ್ನಕ್ಕೆ ದಾರಿಯಾಗಿವೆ. ಯಾರೋ ಆಳಿನ ಮೇಲೆ ಅಂದು ಬಿದ್ದ ಬೈಗುಳ ಮಾತ್ರ ಸಿಕ್ಕಿಲ್ಲ.

ವಾರಂಟಿ

ಇತಿಹಾಸದಲ್ಲಿ ವಾರಂಟಿ ಜಾರಿಯಾದ ಉದಾಹರಣೆ ಇದೆ, ಆದರೆ ಗಿರಾಕಿ ಚಕ್ರವರ್ತಿಯಾಗಿರಬೇಕು. ಜಿಂಗ್‌ದೆಝೆನ್‌ನ ರಾಜ ಆವಿಗೆಗಳಿಗೆ 1728ರಲ್ಲಿ ತಾಂಗ್ ಯಿಂಗ್ ಎಂಬ ಅಧಿಕಾರಿಯನ್ನು ಕಳಿಸಿದರು. ಕುಂಬಾರಿಕೆಯ ಗಂಧವಿಲ್ಲದ ಮನುಷ್ಯ. ಸ್ನೇಹಿತರ ಭೇಟಿ ಬಿಟ್ಟು, ಕುಂಬಾರರ ಜೊತೆಗೇ ಉಂಡು ಮಲಗಿ ಮೂರು ವರ್ಷ ಕಲಿತ. ಪಿಂಗಾಣಿಯ ಚರಿತ್ರೆಯಲ್ಲಿ ಅವನಷ್ಟು ಹೆಸರಾದ ಮೇಲ್ವಿಚಾರಕ ಇನ್ನೊಬ್ಬನಿಲ್ಲ. ಇಂದು ಕೋಟಿಗಳಲ್ಲಿ ಕೂಗುವ ಹೂದಾನಿಗಳಲ್ಲಿ ಎಷ್ಟೋ ಅವನ ಕಣ್ಣೆದುರು ಆವಿಗೆಯಿಂದ ಹೊರಬಂದವು. ಹೀಗಿದ್ದೂ 1741ರಲ್ಲಿ, ಬಂದ ಸಾಮಾನು ಸರಿಯಿಲ್ಲ, ಒಡೆದದ್ದು ಹೆಚ್ಚು ಎಂದು ಚಿಯಾನ್‌ಲೊಂಗ್ ಅವನನ್ನು ಗದರಿಸಿ, ನಷ್ಟವನ್ನು ಅವನ ಕೈಯಿಂದಲೇ ತುಂಬಿಸಿದ. ಎರಡು ವರ್ಷದ ಮೇಲೆ ಅದೇ ಚಕ್ರವರ್ತಿ ಇಪ್ಪತ್ತು ಚಿತ್ರಗಳನ್ನು ಕಳಿಸಿ, ಪಿಂಗಾಣಿ ತಯಾರಿಸುವ ವಿಧಾನವನ್ನು ಒಂದೊಂದಕ್ಕೂ ವಿವರಿಸಿ ಬರೆ ಎಂದ. ಕೈಯಿಂದ ದುಡ್ಡು ಕಟ್ಟಿದವನು ಕೂತು ಬರೆದ.

ಅದೇ ಸೌಲಭ್ಯ ನಿಮಗೂ ಬೇಕಿದ್ದರೆ, ಚೂರುಗಳು, ಮೂಲ ಪೆಟ್ಟಿಗೆ ಮತ್ತು ರಾಜಾಜ್ಞೆಯ ಪ್ರತಿಯೊಂದಿಗೆ ಚಿಯಾನ್‌ಲೊಂಗ್ ಸಿಂಹಾಸನ ಬಿಡುವ ಮೊದಲು, ಎಂದರೆ 1796ರ ಆರಂಭದೊಳಗೆ, ಬೀಜಿಂಗ್ ಅರಮನೆಯಲ್ಲಿ ಅರ್ಜಿ ಹಾಕಬೇಕಿತ್ತು. ಅವನ ಹೆಸರು ಹೊತ್ತು ಆಮೇಲೆ ತಯಾರಾದ ಸಾಮಾನುಗಳಿಗೆ, ಸಂಖ್ಯೆಯಲ್ಲಿ ಅವೇ ಬಹಳ ಹೆಚ್ಚು, ಮಾರಿದ ಅಂಗಡಿಯವನನ್ನೇ ಸಂಪರ್ಕಿಸತಕ್ಕದ್ದು. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಿರುತ್ತಾರೆ. ಅವರನ್ನು ಕೇಳಿ ಪ್ರಯೋಜನವಿಲ್ಲ.